ರೆಕ್ಕೆಯ ಅಳತೆ

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಟೈಲರ್ ಅಂಗಡಿ. ತೊಂಬತ್ತರ ದಶಕದಲ್ಲಿ ಒಂದು ದಿನ ಸಿಂಧಘಟ್ಟದ ಗೌಡರೊಬ್ಬರು ಬಂದು, ಅಳತೆ ತಗೊಳ್ಳೋಕೆ ಊರಿಗೇ ಬರಬೇಕು ಅಂದರು. ಹೋದರೆ ಅವರ ಆಲೆಮನೆಯಲ್ಲಿ ಪುಟ್ಟ ವಿಮಾನ ನಿಂತಿತ್ತು. ಬಿಡಿಭಾಗ ತರಿಸಿ ಅವರೇ ಜೋಡಿಸಿದ್ದು. ಈಗ ದೊಡ್ಡ ಇಂಜಿನ್ನು ಕೂರಿಸಿದ್ದರು, ಆ ಜೋರಿಗೆ ರೆಕ್ಕೆಯ ಮೇಲಿನ ಬಟ್ಟೆ ಹೊದಿಕೆಯೂ ಹೊಸದು ಬೇಕಿತ್ತು.

ಹೊಲಿದು ಕೊಟ್ಟೆ. ಗೌಡರು ಬಟ್ಟೆ ತಿರುವಿ ನೋಡಿ, "ಒಳಗ್ಯಾಕೆ ಎರಡಿಂಚು ಬುಟ್ಟಿದ್ದೀರಿ ಸಾಬ್ರೇ?" ಅಂದರು.

"ಮುಂದೆ ದಪ್ಪ ಆದ್ರೆ ಬಿಚ್ಕೋಬೋದು."

"ರೆಕ್ಕೆ ಮುದ್ದೆ ಉಣ್ಣಾಕಿಲ್ಲ ಕಣ್ರೀ. ತೂಕ ಆಯ್ತದೆ, ಕತ್ತರಿಸ್ಬುಡಿ."

ಇಪ್ಪತ್ತು ವರ್ಷದ ಅಭ್ಯಾಸ ಕತ್ತರಿಸಿದೆ. ರೆಕ್ಕೆಗೆ ತೊಡಿಸಿ, ಅವರು ಹೇಳಿದಂತೆ ಇಸ್ತ್ರಿ ಆಡಿಸಿದೆ. ಜೋಲುತ್ತಿದ್ದ ಪಾಲಿಯೆಸ್ಟರ್ ಬಟ್ಟೆ ಬಿಸಿಗೆ ತಾನಾಗಿ ಬಿಗಿದು ತಮಟೆಯಂತಾಯಿತು. ಇನ್ನು ಈ ಮನುಷ್ಯನ ಜೀವ ನನ್ನ ದಾರದಲ್ಲಿ.

ವಿಮಾನ ಬಯಲಲ್ಲಿ ಓಡಿ ಮೇಲೆದ್ದಾಗ ಊರೆಲ್ಲ ಗೌಡರನ್ನು ನೋಡಿತು, ನಾನು ಹೊಲಿಗೆ ನೋಡಿದೆ. ತೆಂಗಿನ ಮರಗಳ ಮೇಲೆ ರೆಕ್ಕೆ ಬಿಸಿಲಿಗೆ ಹೊಳೆಯಿತು.

ಗೌಡರು ಇಳಿದದ್ದೇ ಓಡಿದೆ. ಅಲ್ಲಾನ ಹೆಸರು ಹೇಳಬೇಕೆಂದಿದ್ದವನ ಬಾಯಿಂದ ಬಂದದ್ದು ಎಲ್ಲ ಗಿರಾಕಿಗೂ ಕೇಳುವ ಮಾತೇ:

"ಕಂಕುಳ ಹತ್ರ ಎಲ್ಲೂ ಹಿಡೀಲಿಲ್ಲ ತಾನೆ ಗೌಡ್ರೇ?"