ಮರುಗಂಟೆ ಬರುವ ತನಕ

ಗುಂಡಿ ಒತ್ತಿದ ಮೇಲೆ ಶಶಿರೇಖ ಕೈಯನ್ನು ಮಡಿಲಿಗೆ ತಂದಿಟ್ಟುಕೊಳ್ಳುತ್ತಾಳೆ. ಪರದೆಯ ಮೇಲೆ ಏನಾದರೂ ಕದಲುವವರೆಗೆ ಆ ಕೈ ಮತ್ತೆ ಏಳುವುದಿಲ್ಲ.

ಉರಿಗಾಂನ ಹಳೆಯ ಗಣಿ ಕ್ವಾರ್ಟರ್ಸ್ ಸಾಲಿನಲ್ಲಿ ಅವಳದು ಕೊನೆಯ ಮನೆ. ವಯಸ್ಸು ನಲವತ್ತಾರು, ಒಬ್ಬಳೇ. ಒಂದೂರಿನಲ್ಲಿ ಕುಳಿತು ಇನ್ನೊಂದೂರಿನ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರನ್ನು ಪರೀಕ್ಷಿಸುವುದು ಅವಳ ಕೆಲಸ. ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಆಫೀಸು ಕೊಟ್ಟದ್ದು. ನೆಟ್ ನಿಧಾನವಿರುವ ಕಡೆ ಅದು ಹೇಗೆ ನಡೆಯುತ್ತದೆಂದು ನೋಡಬೇಕು. ಅವಳ ಮನೆಯ ನೆಟ್ ಅದಕ್ಕೆಂದೇ ಮಾಡಿಸಿದಂತಿದೆ. ಇಲ್ಲಿ ಒತ್ತಿದ್ದು ಅಲ್ಲಿಗೆ ತಲುಪಿ, ಅಲ್ಲಿ ಆದದ್ದು ಇಲ್ಲಿ ಕಾಣಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆಯಬೇಕು. ಕಾಯುವಾಗ ಮೆಲ್ಲಗೆ ದೇವರ ಹೆಸರು ಹೇಳುತ್ತಾಳೆ. ಎಷ್ಟೋ ದಿನ ಅವಳಾಡುವ ಮಾತು ಅಷ್ಟೇ.

ಕಾಯುವುದನ್ನು ಕಲಿಸಿದವರು ತಂದೆ ಕೋದಂಡಪ್ಪ. ಅಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಗಣಿಬಾವಿಯ ಬಾಯಲ್ಲಿ ನಿಂತು ಹಗ್ಗ ಎಳೆದು ಗಂಟೆ ಹೊಡೆಯುತ್ತಿದ್ದವರು. ಆಳುಗಳನ್ನು ಹೊತ್ತ ಕೇಜು ಏರಬೇಕೋ ಇಳಿಯಬೇಕೋ ನಿಲ್ಲಬೇಕೋ ಎಂಬುದೆಲ್ಲ ಗಂಟೆಯ ಎಣಿಕೆಯಲ್ಲಿತ್ತು. ಕೇಳಿಸಿತೆಂದು ಅತ್ತಲಿಂದ ಮರುಗಂಟೆ ಬರುತ್ತಿತ್ತು.

"ಮರುಗಂಟೆ ಬರೋಗಂಟ ಅಗ್ಗ ಮುಟ್ಬಾರ್ದು ಮಗಾ," ಎನ್ನುತ್ತಿದ್ದರು. "ಇನ್ನೊಂದೇಟು ಬಿದ್ರೆ ಅರ್ಥಾನೇ ಬೇರೆ. ಒಳಗೆ ಜನ ಅವ್ರೆ."

ಗಣಿ ಮುಚ್ಚಿತು. ಅವರೂ ಹೋದರು. ಆ ಮಾತು ಮಗಳ ಕೈಯಲ್ಲಿ ಉಳಿಯಿತು.

ಕಳೆದ ಸೋಮವಾರ ಆಫೀಸಿನ ಶ್ರೀಧರ್ ಫೋನ್ ಮಾಡಿದ. "ಅಕ್ಕಾ, ಬೆಟ್ಟದ ಕಡೆ ಒಂದು ಆಸ್ಪತ್ರೇಲಿ ನಮ್ ಸಾಫ್ಟ್‌ವೇರಿಂದ ರೋಗಿ ಪಟ್ಟಿಗೆ ಒಂದೇ ಔಷಧಿ ಎರಡು ಸಲ ಸೇರ್ಕೊಂಡ್ಬಿಟ್ಟೈತೆ. ನರ್ಸಮ್ಮ ನೋಡಿದ್ದಕ್ಕೆ ಬಚಾವು. ನೀವು ಅನ್ನೊಂದು ಸಲ ಪರೀಕ್ಷೆ ಮಾಡಿ ಸರಿಯಾಗೈತೆ ಅಂತ ಬರ್ದಿದ್ದೀರಲ್ಲ?"

"ಸರಿಯಾಗೇ ಇತ್ತಪ್ಪ."

"ಶುಕ್ರವಾರದೊಳಗೆ ತಪ್ಪು ಎಲ್ಲೈತೆ ಅಂತ ಇಡ್ಕೊಡಿ. ಇಲ್ದಿದ್ರೆ ಕೆಲ್ಸ ಬೇರೆಯವ್ರಿಗೆ ಓಗುತ್ತೆ. ನನ್ ಕೈಲಿ ತಡಿಯಕ್ಕಾಗಲ್ಲ."

ಬುಧವಾರ ಕಳೆದರೂ ತಪ್ಪು ಸಿಗಲಿಲ್ಲ. ಒತ್ತುವಳು, ಕಾಯುವಳು, ಎಲ್ಲವೂ ಸರಿಯಾಗಿ ಬರುವುದು. ಈ ಕೆಲಸ ಹೋದರೆ ದಿನಕ್ಕೆ ನೂರು ಸಲ ತನಗೆ ಉತ್ತರ ಕೊಡುವಂಥದ್ದು ಇನ್ನೇನೂ ಇರುವುದಿಲ್ಲ ಎಂದುಕೊಂಡಳು.

ಗುರುವಾರ ಪಕ್ಕದ ಮನೆಯ ಅಜ್ಜಿ ಚಿಕ್ಕಮುನಿಯಮ್ಮ ಗೋಡೆ ಹಿಡಿದುಕೊಂಡು ಬಂದಳು. ಅವಳ ಮೊಬೈಲಿನ ಸದ್ದು ನಿಂತುಹೋಗಿತ್ತು. ಶಶಿರೇಖ ಅದನ್ನು ನೋಡುತ್ತಿದ್ದಾಗ ಮುದುಕಿ ಕಂಪ್ಯೂಟರಿನ ಮುಂದೆ ಕುಳಿತು ಮೌಸ್ ಒತ್ತಿಬಿಟ್ಟಳು.

"ಏನೇ ಇದು, ಸತ್ತೋಯ್ತಾ?" ಮತ್ತೆ ಮೂರು ಸಲ ಟಕಟಕನೆ ಒತ್ತಿದಳು.

"ಅಯ್ಯೋ ಅಜ್ಜೀ, ತಡಿ, ಉತ್ತರ ಬರ್ಲಿ!"

"ಕಾಯ್ಕೊಂಡ್ ನಿಲ್ಲಕ್ಕೆ ನಾನೇನು ನಿಮ್ಮಪ್ಪನಾ?"

ಒಂಬತ್ತು ಸೆಕೆಂಡು ಕಳೆದ ಮೇಲೆ, ಪರೀಕ್ಷೆಗೆಂದು ತೆರೆದಿಟ್ಟಿದ್ದ ಔಷಧಿ ಪಟ್ಟಿಯಲ್ಲಿ ಒಂದೇ ಮಾತ್ರೆಯ ಹೆಸರು ನಾಲ್ಕು ಸಲ ಮೂಡಿತು. ಶಶಿರೇಖ ಆ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಉತ್ತರಕ್ಕೆ ಮೊದಲೇ ಎರಡನೆಯ ಸಲ ಒತ್ತದ ತನ್ನ ಕೈಗೆ ಈ ತಪ್ಪು ಎಂದೂ ಸಿಗುವಂತಿರಲಿಲ್ಲ.

ಚಿಕ್ಕಮುನಿಯಮ್ಮ ಮೊಬೈಲು ಇಸಿದುಕೊಂಡು ಎದ್ದಳು. "ನೀನು ಬಾಗ್ಲು ತಟ್ಟೋದೂ ಇಂಗೇ. ಒಂದೇ ಸಲ. ಈ ಮಂಡಿ ಇಟ್ಕೊಂಡು ನಾನು ಎದ್ ಬರೋದ್ರೊಳಗೆ ಬೀದೀಲಿ ಒಂದ್ ನಾಯೀನೂ ಇರಲ್ಲ. ಓದ್ ವರ್ಷ ಯುಗಾದೀಗೂ ಅಂಗೇ ಮಾಡ್ದೆ."

ಆ ಯುಗಾದಿಯಂದು ಒಬ್ಬಟ್ಟಿನ ತಟ್ಟೆಯನ್ನು ವಾಪಸು ತಂದು, ಎರಡು ದಿನ ಒಬ್ಬಳೇ ತಿಂದದ್ದು ಶಶಿರೇಖಳಿಗೆ ನೆನಪಾಯಿತು.

ಅವಳು ವರದಿ ಬರೆದಳು: ಮೊದಲ ಒತ್ತು ತಲುಪಿತೆಂದು ಕೂಡಲೇ ತೋರಿಸಬೇಕು, ಉತ್ತರ ಬರುವವರೆಗೆ ಎರಡನೆಯದನ್ನು ತೆಗೆದುಕೊಳ್ಳಬಾರದು. ಶುಕ್ರವಾರ ಮಧ್ಯಾಹ್ನ ಶ್ರೀಧರ್ ಫೋನ್ ಮಾಡಿ, "ಕೆಲ್ಸ ನಿಮ್ದೇ ಅಕ್ಕಾ. ಇನ್ಮೇಲೆ ಆ ಅಜ್ಜಿ ತರಾನೂ ಒತ್ತಿ ನೋಡಿ," ಎಂದ. ಫೋನ್ ಇಟ್ಟುಬಿಟ್ಟ. ಮನೆ ಎಂದಿನಂತೆ ಸದ್ದಿಲ್ಲದಾಯಿತು.

ಸಂಜೆ ದೀಪ ಹಚ್ಚಿ, ಕಡಲೆಕಾಳಿನ ಉಸಲಿಯನ್ನು ಬಟ್ಟಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋದಳು. ಬಾಗಿಲು ತಟ್ಟಿದಳು. ಉತ್ತರವಿಲ್ಲ. ಕೈ ತಾನಾಗಿಯೇ ಸೆರಗಿನೊಳಗೆ ಸೇರಿತು. ದೇವರ ಹೆಸರನ್ನು ಒಂಬತ್ತು ಸಲ ಹೇಳಿದಳು. ಆಮೇಲೆ ಕೈ ತೆಗೆದು ಇನ್ನೊಂದು ಸಲ ತಟ್ಟಿದಳು.

ಒಳಗೆ ಮಂಚ ಕಿರುಗುಟ್ಟಿತು. ಶಶಿರೇಖ ನಿಂತೇ ಇದ್ದಳು.