ಕೀರ್ತಿಕುಮಾರನ ಕಾರಿಗೆ ತಣ್ಣನೆ ಗಾಳಿ

ಕೊಡ್ಲಿಪೇಟೆಯಲ್ಲಿ ಜೂನ್ ತಿಂಗಳಲ್ಲಿ ಹಾಕಿಕೊಂಡ ಸ್ವೆಟರನ್ನು ಶಿವರಾತ್ರಿಯವರೆಗೆ ಬಿಚ್ಚದ ಜನರಿದ್ದಾರೆ. ಅಂಥ ಊರಿನಲ್ಲಿ ಕುಳಿತು, ತಣ್ಣನೆ ಗಾಳಿ ಸಾಲದೆಂದು ಹೊರದೇಶದಿಂದ ಸಾಮಾನು ತರಿಸಿಕೊಂಡ ಮನುಷ್ಯ ಇಲ್ಲಿಯವರೆಗೆ ಒಬ್ಬನೇ. ಅವನ ಹೆಸರು ಕೀರ್ತಿಕುಮಾರ್. ಬಂದ ಡಬ್ಬದೊಳಗೆ ಬರೀ ಗಾಳಿ ಇರಲಿಲ್ಲ, ಅಷ್ಟರಮಟ್ಟಿಗೆ ಮನೆಯ ಮರ್ಯಾದೆ ಉಳಿಯಿತು. ಕನ್ನಡಿಯ ಹಾಗೆ ಹೊಳೆಯುವ ಒಂದು ಬಾಗಿದ ಕೊಳವೆ, ಅದರ ತುದಿಗೆ ಸಿಕ್ಕಿಸಲು ಕಪ್ಪು ಬಟ್ಟೆಯ, ತಲೆ ದುಂಡಗಿರುವ ಒಂದು ಫಿಲ್ಟರು, ಜೊತೆಗೆ ಒಂದು ತಗಡು ಇದ್ದವು. ಇದನ್ನು ಹಾಕಿದರೆ ಕಾರಿಗೆ ಹದಿನೈದು ಕುದುರೆಗಳ ಬಲ ಹೆಚ್ಚುತ್ತದೆಂದು ಡಬ್ಬದ ಮೇಲೆ ಅಚ್ಚಾಗಿತ್ತು. ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸ ಕೀರ್ತಿಕುಮಾರನಿಗೆ ಕಾಲೇಜಿನಲ್ಲಿದ್ದಿದ್ದರೆ ಬಿ.ಕಾಂ. ಪಾಸಾದರೂ ಆಗುತ್ತಿತ್ತು.

ಅವನು ಪೇಟೆಯ ಕಾಫಿ, ಮೆಣಸಿನ ವ್ಯಾಪಾರಿ ಪರಮೇಶಪ್ಪನವರ ಒಬ್ಬನೇ ಮಗ. ಪರಮೇಶಪ್ಪನವರು ಕಾಫಿಯ ವಿಷಯದಲ್ಲಿ ದೇವರ ಮಾತನ್ನೂ ನಂಬುವವರಲ್ಲ. ರೈತ ತಂದ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ನಾಲ್ಕು ಬೀಜ ತೆಗೆದು, ಹಲ್ಲಿನಲ್ಲಿ ಕಚ್ಚಿ, ‘ಇನ್ನೂ ಎರಡು ಬಿಸಿಲು ಬೇಕು’ ಎಂದರೆ ಮುಗಿಯಿತು. ತೇವ ಅಳೆಯುವ ಮಿಷನ್ನು ಅಂಗಡಿಯಲ್ಲಿತ್ತು. ಅದರ ಮೇಲೆ ಅವರು ಕ್ಯಾಲೆಂಡರ್ ಒರಗಿಸಿಟ್ಟಿದ್ದರು. ಆ ಅಂಗಡಿಯಲ್ಲಿ ಹತ್ತು ವರ್ಷ ಕುಳಿತ ಕೀರ್ತಿಕುಮಾರನಿಗೆ ಸಿಕ್ಕ ಅಧಿಕಾರವೆಂದರೆ ಮೂಟೆಯ ಬಾಯಿ ಹೊಲಿಸುವುದು. ಬೀಜ ಹೇಗಿದೆ ಎಂದು ಅಪ್ಪ ಅವನನ್ನು ಒಂದು ದಿನವೂ ಕೇಳಲಿಲ್ಲ. ಮದುವೆಗೆ ಹೆಣ್ಣು ನೋಡಿ ಬಂದ ಮೇಲೂ ಕೇಳಿದ್ದು ಅವನನ್ನಲ್ಲ, ಜೊತೆಗೆ ಬಂದಿದ್ದ ಡ್ರೈವರನ್ನು. ಪುಣ್ಯಕ್ಕೆ ಡ್ರೈವರಿಗೆ ಹೆಣ್ಣು ಒಪ್ಪಿಗೆಯಾಯಿತು. ಹೀಗೆ ಹೈಸ್ಕೂಲಿನ ಗಣಿತದ ಮೇಡಂ ದಿವ್ಯಶ್ರೀ ಆ ಮನೆಯ ಸೊಸೆಯಾದಳು.

ಅವನ ಮಾತಿಗೆ ಬೆಲೆ ಬಂದದ್ದು ಜವಳಿ ಅಂಗಡಿಯ ಜಯಪ್ಪನಿಂದ. ಜಯಪ್ಪ ಒಮ್ಮೆ ಯಾವ ಕಾರು ತೆಗೆದುಕೊಳ್ಳಲಿ ಎಂದು ಸುಮ್ಮನೆ ಮಾತಿಗೆ ಕೇಳಿದ. ಕೀರ್ತಿಕುಮಾರ್ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ. ಆ ಕಾರು ಗ್ಯಾರೇಜಿನ ಮುಖ ನೋಡದೆ ಓಡಿತು. ಅಲ್ಲಿಂದ ಅವನು ‘ಕಾರ್ ಕೀರ್ತಿ’ಯಾದ. ಟೈರು ಕೊಳ್ಳುವವರು, ಆಯಿಲ್ ಬದಲಿಸುವವರು ಎಲ್ಲರೂ ಮೊದಲು ಅವನನ್ನು ಕೇಳತೊಡಗಿದರು. ಪರಮೇಶಪ್ಪನವರು ಮಾತ್ರ, “ಲೋಕಕ್ಕೆಲ್ಲ ಬುದ್ಧಿ ಹೇಳ್ತನೆ, ಒಂದ್ ಮೂಟೆ ನೆಟ್ಟಗೆ ಹೊಲ್ಸಕ್ಕೆ ಬರಲ್ಲ” ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು. ಮಗ ನಗುತ್ತಿದ್ದ. ಒಳಗೆ ಉರಿಯುತ್ತಿತ್ತು. ಅಪ್ಪ ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರ ಎದುರು ತನ್ನನ್ನು ಏನಾದರೂ ಕೇಳಿ, ತಾನು ಹೇಳಿದ ಹಾಗೇ ಮಾಡಬೇಕು ಎನ್ನುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಆಸೆಯೇ ಇರಲಿಲ್ಲ.

ಆ ಆಸೆಯ ಬೆನ್ನು ಹತ್ತಿ ಅವನು ಮೈಸೂರಿನ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ಎರಡೇ ಸೀಟು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಕೊಡ್ಲಿಪೇಟೆಯ ರಸ್ತೆಗೆ ಅಡ್ಡವಾಗಿ ಹಂಪುಗಳನ್ನು ಕಟ್ಟಿದವರು ಇಂಥ ಕಾರನ್ನು ಕನಸಿನಲ್ಲೂ ಕಂಡಿರಲಿಲ್ಲ. ಭಾರ ಕಡಿಮೆಯಾಗಲೆಂದು ಪ್ರತಿ ಹಂಪಿನ ಬಳಿಯೂ ದಿವ್ಯಶ್ರೀ ಇಳಿದು, ಆಚೆ ಬದಿಗೆ ನಡೆದು ಹೋಗಿ ಮತ್ತೆ ಹತ್ತಬೇಕಿತ್ತು. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಬಲ್ಲ ಕಾರಿನಲ್ಲಿ ಶಾಲೆಗೆ ಹೊರಟ ಮೇಡಂ ನಡೆದೇ ಬರುವ ಮಕ್ಕಳಿಗಿಂತ ತಡವಾಗಿ ತಲುಪುತ್ತಿದ್ದಳು.

ಇದಕ್ಕೆ ಬಲ ಸಾಲದು ಎನ್ನಿಸಿದ್ದು ಕೀರ್ತಿಕುಮಾರನಿಗೆ ಮಾತ್ರ. ಎಂಜಿನ್ನಿಗೂ ಉಸಿರಾಟವಿದೆ, ಹೆಚ್ಚು ಗಾಳಿ, ಅದೂ ತಣ್ಣನೆಯದು, ಒಳಗೆ ಹೋದರೆ ಪೆಟ್ರೋಲು ಚೆನ್ನಾಗಿ ಉರಿದು ಬಲ ಬರುತ್ತದೆ ಎಂದು ಅವನು ಬೇಕರಿಯ ಮುಂದೆ ನಿಂತು ಎಲ್ಲರಿಗೂ ವಿವರಿಸಿದ. ಮಾತಿನಲ್ಲಿ ತಪ್ಪಿಲ್ಲ. ಆದರೆ ಕಾರು ಮಾಡಿದವರೂ ಅಷ್ಟನ್ನು ಓದಿಕೊಂಡೇ ಬಂದಿದ್ದರು. ಅವರು ಇಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಡಬ್ಬಿ ನೋಡಲು ಬಡಪಾಯಿಯಂತಿದ್ದರೂ ಕಾರಿನ ಮೂತಿಯಿಂದ ಹೊರಗಿನ ಗಾಳಿಯನ್ನೇ ಎಳೆಯುತ್ತಿತ್ತು. ಗ್ಯಾರೇಜಿನ ಅಶೋಕ್ ಆ ಡಬ್ಬಿಯನ್ನು ಕಿತ್ತು ಹೊಸ ಫಿಲ್ಟರನ್ನು ಕೂರಿಸಿದ್ದು ಕಾದ ಎಂಜಿನ್ನಿನ ಪಕ್ಕದಲ್ಲಿ. ನಡುವೆ ಬಿಸಿ ತಡೆಯಲು ಹಾಕಬೇಕಾದ ತಗಡನ್ನು ಕೀರ್ತಿಕುಮಾರ್ ಬೇಡವೆಂದ. ಅದನ್ನು ಹಾಕಿದರೆ ಹೊಳೆಯುವ ಕೊಳವೆ ಕಾಣುತ್ತಿರಲಿಲ್ಲ.

“ಹಾಕ್ಲೇಬೇಕು ಅಂತ ಬರ್ದವ್ರಲ್ಲ ಅಣ್ಣಾ?” ಎಂದ ಅಶೋಕ್.

“ಅದು ದುಬೈನಂಥ ಸೆಕೆ ಊರಿಗೆ ಕಣೋ. ನಮ್ಮೂರ ಚಳಿಗೆ ಯಾಕೆ?”

ಅಶೋಕನಿಗೂ ಇದು ಸರಿಯೆನ್ನಿಸಿತು. ಹೀಗೆ, ಅಲ್ಲಿಯವರೆಗೆ ಕೊಡ್ಲಿಪೇಟೆಯ ಚಳಿಗಾಳಿ ಕುಡಿಯುತ್ತಿದ್ದ ಕಾರು ಅಂದಿನಿಂದ ಒಲೆಯ ಮುಂದೆ ಕುಳಿತು ಉಸಿರಾಡತೊಡಗಿತು.

ಎರಡು ದಿನಕ್ಕೆ ಆಯುಧಪೂಜೆ ಬಂತು. ಅಂಗಡಿಯ ತಕ್ಕಡಿ, ಮೂಟೆ ಹೊರುವ ಜೀಪು, ಹೊಲಿಯುವ ದಬ್ಬಳ ಎಲ್ಲಕ್ಕೂ ವಿಭೂತಿ ಹಚ್ಚಿ ಮುಗಿಸಿದ ಗುರುಸಿದ್ದಮ್ಮನವರು ಮಗನ ಕಾರಿನ ಹತ್ತಿರ ಬಂದರು. ಕೀರ್ತಿಕುಮಾರ್ ಹೆಮ್ಮೆಯಿಂದ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಅವ್ವನಿಗೆ ಹೊಸ ಸಾಮಾನು ತೋರಿಸಿದ. ಕಪ್ಪಗೆ, ದುಂಡಗೆ, ನೆಟ್ಟಗೆ ನಿಂತಿದ್ದ ಫಿಲ್ಟರನ್ನು ಕಂಡ ಅವ್ವ ಕೈ ಮುಗಿದುಬಿಟ್ಟರು.

“ಅಯ್ಯೋ ನನ್ನಪ್ಪಾ, ಥೇಟ್ ಲಿಂಗ ಕುಂತಂಗೆ ಐತಲ್ಲೋ!”

ಮಗ ತಡೆಯುವಷ್ಟರಲ್ಲಿ ಮೂರು ಬೆರಳಿನ ವಿಭೂತಿ ಬಿತ್ತು, ಮೇಲೊಂದು ಕುಂಕುಮದ ಬೊಟ್ಟೂ ಬಿತ್ತು. ಧೂಪ ಹಿಡಿದಾಗಲಂತೂ ಪವಾಡವೇ ನಡೆಯಿತು. ಹೊಗೆ ಮೇಲೆ ಹೋಗದೆ ನೇರವಾಗಿ ಫಿಲ್ಟರಿನೊಳಕ್ಕೆ ಸರ್ರನೆ ನುಗ್ಗಿತು.

“ನೋಡ್ರೀ, ಧೂಪ ಸ್ವೀಕಾರ ಮಾಡ್ತೈತೆ!” ಎಂದು ಅವರು ಗಂಡನನ್ನು ಕೂಗಿದರು. ಅಕ್ಕಪಕ್ಕದ ಮನೆಯವರೂ ಓಡಿಬಂದರು. ಎಂಜಿನ್ನು ಗಾಳಿ ಎಳೆಯುವಾಗ ಹೊಗೆಯೂ ಹೋಗುತ್ತದೆ ಎಂದು ಹೇಳಬಲ್ಲವನು ಅಲ್ಲಿ ಕೀರ್ತಿಕುಮಾರ್ ಒಬ್ಬನೇ. ಅವನು ಆಗ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಆಮೇಲೆ ಪ್ರತಿ ಸೋಮವಾರ ಪೂಜೆ ಖಾಯಂ ಆಯಿತು. ಎಣ್ಣೆಯ ಪಸೆಯಿದ್ದ ಆ ಬಟ್ಟೆಯ ಮೇಲೆ ವಿಭೂತಿ ಪದರ ಪದರವಾಗಿ ಕೂತು ಗಟ್ಟಿಯಾಯಿತು. ತೊಳೆಯಬೇಕೆಂದು ಅವನಿಗೆ ಗೊತ್ತಿತ್ತು. ಅವ್ವ ಹಚ್ಚಿದ ವಿಭೂತಿಯನ್ನು ಬ್ರಷ್ಷಿನಲ್ಲಿ ತಿಕ್ಕಿ ತೆಗೆಯುವ ಗಂಡಸು ಆ ಮನೆತನದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಬಲದ ಕತೆ ಏನೇ ಇರಲಿ, ಸದ್ದು ಮಾತ್ರ ಬಂತು. ಆಕ್ಸಿಲರೇಟರ್ ತುಳಿದರೆ ಹುಲಿ ಗಂಟಲು ಸರಿಮಾಡಿಕೊಂಡ ಹಾಗೆ ಗುರ್ರೆನ್ನುತ್ತಿತ್ತು. ಬೇಕರಿಯ ಮುಂದಿನವರು ಬನ್ನು ಕೆಳಗಿಟ್ಟು ನೋಡುತ್ತಿದ್ದರು. “ಈಗ ಬಂತು ನೋಡಿ ಪಿಕಪ್ಪು!” ಎಂದು ಜಯಪ್ಪ ತೀರ್ಪು ಕೊಟ್ಟ. ಜಯಪ್ಪ ಆ ಕಾರಿನಲ್ಲಿ ಕೂತವನಲ್ಲ. ಅವನ ಹೊಟ್ಟೆಗೆ ಬಾಗಿಲು ಸಾಲುತ್ತಿರಲಿಲ್ಲ.

ಕೂತವಳು ದಿವ್ಯಶ್ರೀ. ಶನಿವಾರಸಂತೆಯ ದಾರಿಯ ಏರಿನಲ್ಲಿ ಅವಳು ಒಂದು ದಿನ ಕೇಳಿದಳು: “ರೀ, ಮೊದಲು ಇಲ್ಲಿ ಮೂರನೇ ಗೇರಲ್ಲೇ ಹತ್ತುತ್ತಿತ್ತಲ್ಲ, ಈಗ ಯಾಕೆ ಎರಡಕ್ಕೆ ಹಾಕ್ತಿದೀರಿ?”

“ಸೌಂಡ್ ಚೆನ್ನಾಗ್ ಬರ್ಲಿ ಅಂತ.”

ಅವಳು ಅವನ ಮುಖ ನೋಡಿ ಕಿಟಕಿಯತ್ತ ತಿರುಗಿದಳು. ಕಾರು ಏದುಸಿರು ಬಿಡುತ್ತಿದ್ದುದು ಅವನ ಕಾಲಿಗೆ ಗೊತ್ತಾಗಿತ್ತು, ಕಿವಿ ಒಪ್ಪುತ್ತಿರಲಿಲ್ಲ.

ಇಷ್ಟಕ್ಕೇ ಮುಗಿಯುತ್ತಿತ್ತೋ ಏನೋ, ಚಂದ್ರು ಬಂದ. ಪ್ರವಾಸಿಗಳನ್ನು ಮಡಿಕೇರಿ, ಕಕ್ಕಬೆ ಎಂದು ಸುತ್ತಿಸುವ ಟ್ಯಾಕ್ಸಿಯವನು. “ಕೀರ್ತಣ್ಣ, ನನ್ ಗಾಡಿಗೂ ಹಾಕ್ಸನಾ? ಹಾಸನದಾಗೆ ಒಬ್ಬ ಇದೆಲ್ಲ ಬರೀ ಸೌಂಡು, ಬಲ ಗಿಲ ಏನೂ ಬರಲ್ಲ ಅಂದ” ಎಂದು ಬೇಕರಿಯ ಮುಂದೆ, ಎಲ್ಲರೆದುರು ಕೇಳಿಬಿಟ್ಟ. ಕೀರ್ತಿಕುಮಾರನಿಗೆ ರೋಷ ಬಂತು. ಬರುವ ಭಾನುವಾರ ಊರಾಚೆಯ ಕಾಫಿ ತೋಟದ ಏರಿನಲ್ಲಿ ಎರಡು ಸಲ ಕಾರು ಓಡಿಸುತ್ತೇನೆ, ಒಮ್ಮೆ ಕಂಪನಿಯ ಹಳೆ ಡಬ್ಬಿ ಹಾಕಿ, ಒಮ್ಮೆ ಇದನ್ನು ಹಾಕಿ, ಬಂದು ನೋಡಿ ಎಂದು ಸಾರಿದ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ.

ಭಾನುವಾರ ಅರ್ಧ ಪೇಟೆ ಏರಿನ ಮೇಲೆ, ತೋಟದ ಗೇಟಿನ ಬಳಿ ಸೇರಿತ್ತು. ಕೆಳಗೆ ಟವೆಲ್ ಬೀಸಲು ಅಶೋಕ್. ಮೇಲೆ ಶಾಲೆಯ ಸ್ಟಾಪ್‌ವಾಚ್ ಹಿಡಿದು ದಿವ್ಯಶ್ರೀ. ಜೀಪೊಂದು ಬಂದು ನಿಂತಿತು. ಅದರಿಂದ ಪರಮೇಶಪ್ಪನವರು ಇಳಿದರು, ಹಿಂದೆಯೇ ಗುರುಸಿದ್ದಮ್ಮನವರು. ಕಾಫಿ ಕುಯ್ಲಿನ ಕಾಲದಲ್ಲಿ ಪರಮೇಶಪ್ಪನವರು ಅಂಗಡಿ ಮುಚ್ಚಿ ಬಂದದ್ದನ್ನು ಕಂಡು ಜನ ದಾರಿ ಬಿಟ್ಟು ಸರಿದರು. ಕೀರ್ತಿಕುಮಾರ್ ಅಪ್ಪನ ಕಡೆ ನೋಡದೆ ಕಾರನ್ನು ಕೆಳಕ್ಕೆ ಇಳಿಸಿದ.

ಮೊದಲು ಹಳೆ ಡಬ್ಬಿ ಹಾಕಿ ಓಡಿಸಿದ. ಕಾರು ಸದ್ದಿಲ್ಲದೆ ಬಂದು ಸರಕ್ಕನೆ ದಾಟಿತು. ಅರ್ಧ ಜನ ನೋಡಲೇ ಇಲ್ಲ; ಬಂದದ್ದೇ ಗೊತ್ತಾಗಿರಲಿಲ್ಲ. “ಇಷ್ಟೇನಾ?” ಎಂದು ಜಯಪ್ಪ ಆಕಳಿಸಿದ. ಆಮೇಲೆ ಅಶೋಕ್ ಮೇಲೆ ಬಂದು ಹೊಸ ಸಾಮಾನು ಕೂರಿಸಿದ. ಗುರುಸಿದ್ದಮ್ಮನವರು ಜೀಪಿನಿಂದ ತಟ್ಟೆ ತಂದು, ಓಟಕ್ಕೆ ಮುಂಚೆ ಇರಲಿ ಎಂದು ಇನ್ನೊಂದು ಕೈ ವಿಭೂತಿ ಹಚ್ಚಿದರು. ಕೀರ್ತಿಕುಮಾರ್ ಬೇಡ ಎನ್ನಲು ಬಾಯಿ ತೆರೆದ, ಎಲ್ಲರೂ ಕೈ ಮುಗಿದಿದ್ದರು, ತಾನೂ ಮುಗಿದು, ಅಶೋಕನನ್ನು ಕೂರಿಸಿಕೊಂಡು ಮತ್ತೆ ಕೆಳಕ್ಕೆ ಇಳಿದ.

ಈ ಸಲ ಕೆಳಗಿನ ತಿರುವಿನಲ್ಲಿ ಕಾರು ಗುಡುಗಿದ್ದು ಮೇಲಕ್ಕೆ ಕೇಳಿತು. ತೋಟದ ಸಿಲ್ವರ್ ಓಕ್ ಮರದ ಕಾಗೆಗಳೆಲ್ಲ ಹಾರಿ ಎದ್ದವು. ಮಕ್ಕಳು ಕಿರುಚಿದರು, ದೊಡ್ಡವರು ಸಿಳ್ಳೆ ಹಾಕಿದರು. ಬಹಳ ಹೊತ್ತು ಸಿಳ್ಳೆ ಹಾಕಲು ಅವಕಾಶವಾಯಿತು, ಏಕೆಂದರೆ ಕಾರು ಬರಲು ಬಹಳ ಹೊತ್ತು ಹಿಡಿಯಿತು. ಅದು ಯಾರಿಗೂ ಹೊಳೆಯಲಿಲ್ಲ.

ದಿವ್ಯಶ್ರೀ ಕಾರಿನ ಕಿಟಕಿಗೆ ಬಗ್ಗಿ ವಾಚು ತೋರಿಸಿದಳು. “ಇದು ನಿಧಾನ. ಸ್ವಲ್ಪ ಅಲ್ಲ ರೀ, ತುಂಬಾ.”

“ಮೆಲ್ಲಗೆ ಮಾತಾಡೇ. ಬೇರೆ ಏನಾದ್ರೂ ಹೇಳು.”

“ನಾನು ಹೇಳಲ್ಲ. ನೀವೇ ಹೇಳಿ” ಎಂದು ವಾಚನ್ನು ಅವನ ಕೈಗೆ ಹಾಕಿ ನಿಂತಳು.

ಅವನು ಇಳಿದ. ವಿಭೂತಿ ಕಟ್ಟಿಕೊಂಡಿದೆ, ಅದಕ್ಕೇ ಹೀಗಾಯಿತು ಎನ್ನುವ ನೆಪ ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ಅವ್ವ ತಟ್ಟೆ ಹಿಡಿದು, ಹೆಮ್ಮೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. ನೆಪ ಅಲ್ಲೇ ಸತ್ತಿತು. ಪುಣ್ಯಕ್ಕೆ ಟೈಮು ಎಷ್ಟಾಯಿತೆಂದು ಯಾರೂ ಕೇಳಲಿಲ್ಲ. “ವಾಚ್ ಯಾಕಣ್ಣಾ, ಕಿವಿ ಇಲ್ವಾ ನಮ್ಗೆ?” ಎಂದ ಚಂದ್ರು. ಹಾಸನದವನ ಮಾತು ಅವನಿಗೆ ಮರೆತೇ ಹೋಗಿತ್ತು.

ಆಗ ಪರಮೇಶಪ್ಪನವರು ಜನರನ್ನು ಸರಿಸಿ ಮುಂದೆ ಬಂದರು.

“ಯಾವ್ದು ಜೋರಾಗಿ ಬಂತಲಾ? ನಂಗೆ ಇದೆಲ್ಲ ತಿಳಿಯಕಿಲ್ಲ. ನೀನ್ ಹೇಳು.”

ನೀನ್ ಹೇಳು. ಮೂವತ್ನಾಲ್ಕು ವರ್ಷದಲ್ಲಿ ಅಪ್ಪನ ಬಾಯಿಂದ ಆ ಎರಡು ಮಾತು ಬಂದದ್ದು ಇದೇ ಮೊದಲು. ಹಳೇದೇ ಜೋರು ಎಂದರೆ ನಿಜವಾಗುತ್ತಿತ್ತು, ಅದರ ಜೊತೆಗೆ ಅವನು ಮತ್ತೆ ಮೂಟೆ ಹೊಲಿಸುವವನಾಗುತ್ತಿದ್ದ. ಕೀರ್ತಿಕುಮಾರ್ ವಾಚಿನ ಗುಂಡಿ ಒತ್ತಿದ. ಅಂಕಿಗಳೆಲ್ಲ ಸೊನ್ನೆಯಾದವು.

“ಇದೇ ಅಪ್ಪಾಜಿ. ಈಗ ಹಾಕಿರೋದೇ.”

“ಗ್ಯಾರಂಟಿನಾ?”

“ಗ್ಯಾರಂಟಿ.”

“ಹಂಗಾರೆ ನಮ್ ಜೀಪಿಗೂ ಒಂದ್ ತರ್ಸು” ಎಂದರು ಪರಮೇಶಪ್ಪನವರು. ಆಮೇಲೆ ಜನರ ಕಡೆ ತಿರುಗಿ, ಮಗನ ಹೆಗಲ ಮೇಲೆ ಕೈ ಹಾಕಿ ಹೇಳಿದರು: “ನೋಡ್ರಪ್ಪಾ, ನನ್ ಮಗ ಬಾಯಿಗ್ ಬಂದಂಗೆ ಹೇಳವ್ನಲ್ಲ. ಎರಡ್ ಸಲ ಓಡ್ಸಿ, ಅಳೆದು, ಆಮೇಲ್ ಹೇಳ್ತನೆ.”

ಚಂದ್ರು ಅಲ್ಲೇ ಅಶೋಕನಿಗೆ ಆರ್ಡರ್ ಕೊಟ್ಟ. ಜಯಪ್ಪ ಚಪ್ಪಾಳೆ ತಟ್ಟಿದ. ಕೀರ್ತಿಕುಮಾರನಿಗೆ ನೆಲದಿಂದ ಕಣ್ಣು ಎತ್ತಲಾಗಲಿಲ್ಲ. ಊರಿಗೆ ಸುಳ್ಳು ಹೇಳಿದ್ದಕ್ಕೆ ಅವನಿಗೆ ಅಷ್ಟು ನಾಚಿಕೆಯಾಗಲಿಲ್ಲ. ಹೆಗಲ ಮೇಲಿದ್ದ ಕೈ ಮಾತ್ರ ಸುಡುತ್ತಿತ್ತು.

“ಮಾವ, ನೀವು ಕಾರಲ್ಲಿ ಕೂತ್ಕೊಳ್ಳಿ. ನಾನು ಅತ್ತೆ ಜೊತೆ ಜೀಪಲ್ಲಿ ಬರ್ತೀನಿ” ಎಂದಳು ದಿವ್ಯಶ್ರೀ. ಗಂಡನ ಕಡೆ ನೋಡಲಿಲ್ಲ.

ಪರಮೇಶಪ್ಪನವರು ಪಂಚೆ ಎತ್ತಿಕಟ್ಟಿ, ತಲೆ ತಗ್ಗಿಸಿ, ಕಾರಿನೊಳಗೆ ಹೇಗೋ ಇಳಿದರು. ಗೇಟು ದಾಟಿದ ಮೇಲೂ ದಾರಿ ಏರುತ್ತಲೇ ಹೋಗುತ್ತದೆ. “ಬಿಡ್ಲಾ ಜೋರಾಗಿ, ನೋಡನ” ಎಂದರು. ಕೀರ್ತಿಕುಮಾರ್ ಆಕ್ಸಿಲರೇಟರನ್ನು ತಳದವರೆಗೆ ತುಳಿದ. ಕಾರು ಭೂಮಿ ಬಿರಿಯುವ ಹಾಗೆ ಗುಡುಗಿತು. ಅಪ್ಪ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು, ಮಗುವಿನಂತೆ ನಗುತ್ತ, “ಅಬ್ಬಬ್ಬಾ, ಏನ್ ಸ್ಪೀಡಪ್ಪಾ ಇದು! ಸಾಕು, ಸಾಕು ಕಣ್ಲಾ, ನಿಧಾನ!” ಎಂದರು.

ಸ್ಪೀಡೋಮೀಟರಿನ ಮುಳ್ಳು ನಲವತ್ತರ ಹತ್ತಿರ ನಡುಗುತ್ತಿತ್ತು.

“ಹೂಂ ಅಪ್ಪಾಜಿ” ಎಂದ ಕೀರ್ತಿಕುಮಾರ್.