ಐದು ತುಂಬಿತೋ ಇಲ್ಲವೋ

ನಿವೃತ್ತಿಗೆ ಮುನ್ನ ಶಾಸನಗಳ ತಿಥಿ-ವಾರಗಳನ್ನು ತಾಳೆ ನೋಡುವುದೇ ನನ್ನ ಉದ್ಯೋಗವಾಗಿತ್ತು. ಆದರೂ ಸ್ವಂತ ಮಗಳ ಬಸಿರಿಗೆ ಎಷ್ಟು ತಿಂಗಳೆಂದು ಖಚಿತಪಡಿಸಲು ನನ್ನಿಂದ ಆಗಲಿಲ್ಲ.

ಅವಳು ಖರಾಡಿ ಬಡಾವಣೆಯ ಕಚೇರಿಯಲ್ಲಿ ದಿನವಿಡೀ ಕುಳಿತು ದುಡಿಯುವವಳು. ಸಂಜೆಗೆ ಪಾದಗಳು ಊದುತ್ತಿದ್ದವು, ಸೊಂಟ ಹಿಡಿಯುತ್ತಿತ್ತು. ನಿತ್ಯ ನಡೆದರೆ ನೋವೂ ಇಳಿಯುತ್ತದೆ, ಹೆರಿಗೆಗೂ ಒಳ್ಳೆಯದು ಎಂದು ವೈದ್ಯೆ ಹೇಳಿದ್ದರು. ನನ್ನ ಹೆಂಡತಿ ಒಪ್ಪಲಿಲ್ಲ. ಹಿಂದಿನ ವರ್ಷ ನಾವೆಲ್ಲ ಜೇಜುರಿ ಗುಡ್ಡದ ಗುಡಿಯ ಮೆಟ್ಟಿಲು ಹತ್ತಿ ಬಂದಿದ್ದೆವು. ಅಂದು ಸೋಮವತಿ ಅಮಾವಾಸ್ಯೆ. ಇದನ್ನು ಪಂಚಾಂಗದಲ್ಲಿ ಮತ್ತೆ ನೋಡಿಯೇ ಬರೆಯುತ್ತಿದ್ದೇನೆ. ಅದೇ ವಾರ ಮಗಳ ಮೊದಲ ಬಸಿರು ಇಳಿದುಹೋಯಿತು. ಹತ್ತಿದ್ದು ಕಾರಣವಲ್ಲವೆಂದು ವೈದ್ಯೆ ಆಗಲೇ ಬಿಡಿಸಿ ಹೇಳಿದ್ದರು. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗದೆಂದು ನಾನೂ ಎಷ್ಟೋ ಕಡೆ ಬರೆದವನೇ. ಮನೆಯಲ್ಲಿ ಮಾತ್ರ ಆ ಮಾತು ನನ್ನ ಬಾಯಿಂದ ಗಟ್ಟಿಯಾಗಿ ಹೊರಡಲಿಲ್ಲ.

ಕೊನೆಗೆ ಹೆಂಡತಿ ಸ್ವಲ್ಪ ಪಟ್ಟು ಸಡಿಲಿಸಿದಳು. "ಐದು ತುಂಬಲಿ, ಆಮ್ಯಾಲೆ ಬೇಕಾದಷ್ಟು ಅಡ್ಡಾಡು."

"ತುಂಬ್ಯಾವಲ್ಲವ್ವಾ! ಡಾಕ್ಟರ ಹೇಳ್ಯಾರ."

"ಎಲ್ಲಿ ತುಂಬ್ಯಾವ? ನಡುವ ಅಧಿಕಮಾಸ ಬಂದಿಲ್ಲೇನು? ಅದರಾಗ ಮದವಿ ಇಲ್ಲ, ಮುಂಜಿವಿ ಇಲ್ಲ. ಆ ತಿಂಗಳಾ ಲೆಕ್ಕಕ್ಕ ಹಿಡಿಯೂದಿಲ್ಲ."

"ಅಧಿಕಮಾಸ ಅಂತ ಹೊಟ್ಟ್ಯಾಗಿನ ಕೂಸು ಬೆಳೆಯೂದು ಬಿಟ್ಟು ಕೂತಿತ್ತೇನು?"

"ನೀ ಸುಮ್ನಿರು. ರೀ, ಪಂಚಾಂಗ ನೋಡಿ ನೀವಾ ಹೇಳ್ರಿ."

ನೋಡಿದೆ. ವೈದ್ಯೆಯ ವಾರಗಳು ಕೊನೆಯ ಮುಟ್ಟಿನ ದಿನದಿಂದ ಹೊರಡುತ್ತವೆ. ಹೆಂಡತಿಯ ತಿಂಗಳುಗಳು ಮುಟ್ಟು ತಪ್ಪಿದ ದಿನದಿಂದ. ಆ ವರ್ಷ ಶ್ರಾವಣ ಬೇರೆ ಎರಡು. ಎಣಿಸಿದಂತೆಲ್ಲ ಉತ್ತರ ಬದಲಾಯಿತು, ಯಾವುದನ್ನೂ ತಪ್ಪೆನ್ನುವಂತಿರಲಿಲ್ಲ. ಹಾಗಾದರೆ ಹೆಂಡತಿಯ ಅಂಜಿಕೆ ಯಾವ ಲೆಕ್ಕದ ಪ್ರಕಾರ ಮುಗಿಯಬೇಕಿತ್ತು?

"ಅಪ್ಪಾ, ನಿಮ್ಮ ಲೆಕ್ಕ ಮುಗಿಯೂದ್ರಾಗ ಕೂಸು ಸಾಲಿಗೆ ಹೋಗ್ತದ," ಎಂದು ಮಗಳು ನಕ್ಕಳು. ಆಮೇಲೆ ಅವಳ ದನಿ ತಗ್ಗಿತು. "ಅವ್ವಾ, ಅಂಜಿಕಿ ನನಗೂ ಭಾಳ ಅದ. ಒಬ್ಬಾಕಿನಾ ಹೋಗಲಿಕ್ಕೆ ಆಗವಲ್ತು."

ಹೆಂಡತಿ ಚಪ್ಪಲಿ ಮೆಟ್ಟಿದಳು. ಸೊಸೈಟಿಯ ಗೇಟು ದಾಟಿ, ಮಗಳ ಮೊಣಕೈ ಹಿಡಿದು, ಪ್ರತಿ ತಿರುವಿನಲ್ಲೂ "ಸಾಕು, ತಿರುಗು" ಎನ್ನುತ್ತ, ತಾನೇ ತಿರುಗದೆ ಮುಂದೆ ನಡೆದಳು. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ನಾನು ಹಿಂದೆ. ಅಂದು ನಡೆಯುತ್ತಿದ್ದುದು ನಾಲ್ಕನೆಯ ತಿಂಗಳೋ ಆರನೆಯದೋ, ಇಂದಿಗೂ ನನಗೆ ತೀರ್ಮಾನವಾಗಿಲ್ಲ.